ಕುವೆಂಪುನಗರದ ಶನಿವಾರದ ಸೇವಾ ತರಗತಿ: ಸೇರಿಸಬಹುದಾ, ಬೇಡವಾ?

ಮೊದಲೇ ಹೇಳಿಬಿಡ್ತೀನಿ, ಇದು ಟ್ಯೂಷನ್ ಅಲ್ಲ. ಕಲಿಯೋದು ಕಷ್ಟ ಇರೋ ಮಕ್ಕಳು ಊರಿಗೆ ಬೇಕಾದ ಕೆಲಸ ಮಾಡ್ತಾ ಕಲಿಯೋ ತರಗತಿ, ಮೈಸೂರಲ್ಲಿ. ಮಗುವಿನ ಓದು ಸರಿಹೋಗುತ್ತೆ, ಅಂಕ ಏರುತ್ತೆ ಅಂತ ಸೇರಿಸೋದಾದರೆ ತಿಂಗಳ 1,200 ರೂಪಾಯಿ ಜೇಬಲ್ಲೇ ಇಟ್ಕೊಳ್ಳಿ. ನನ್ನ ಮಗಳು ಸಿಬಿಎಸ್‌ಇ ಒಂಬತ್ತನೇ ಕ್ಲಾಸು. ಅವಳಿಗೆ ಡಿಸ್‌ಲೆಕ್ಸಿಯಾ ಇದೆ, ಅಂದರೆ ಓದೋದು ಕಷ್ಟ, ಜೊತೆಗೆ ಡಿಸ್‌ಗ್ರಾಫಿಯಾ, ಅಂದರೆ ಬರೆಯೋದೂ ಕಷ್ಟ. ಕಳೆದ ಜೂನ್‌ನಿಂದ ಇಲ್ಲಿಗೆ ಹೋಗ್ತಿದ್ದಾಳೆ. ಇದರಿಂದ ಅವಳು ಓದೋ ವೇಗ ಏನೂ ಹೆಚ್ಚಿಲ್ಲ. ಅದಕ್ಕೆ ಬೇರೆ ಸ್ಪೆಷಲ್ ಎಜುಕೇಟರ್ ಇದ್ದಾರೆ, ಅವರ ಫೀಸು ಬೇರೆ. ಹಾಗಿದ್ದೂ ಮುಂದಿನ ವರ್ಷಕ್ಕೂ ಇಲ್ಲಿ ಹೆಸರು ಬರೆಸಿದ್ದೀನಿ. ಯಾಕೆ ಅಂತ ಬರೀತೀನಿ. ಬೈಯೋದೂ ಸಾಕಷ್ಟಿದೆ.

ನನ್ನದು ಅಗ್ರಹಾರದ ಕಡೆ ಒಂದು ಹಾರ್ಡ್‌ವೇರ್ ಅಂಗಡಿ. ಊರು ಮದ್ದೂರು ತಾಲ್ಲೂಕು. ಮೊಳೆ, ಪೇಂಟು, ಪೈಪು ಮಾರೋನಿಗೆ ಶಿಕ್ಷಣದ ಉಸಾಬರಿ ಯಾಕೆ ಅಂತ ಕೇಳಬೇಡಿ. ಇಂಥ ಮಗು ಮನೆಯಲ್ಲಿದ್ದರೆ ಅರ್ಧ ಮೇಷ್ಟ್ರು, ಅರ್ಧ ವಕೀಲ ಆಗಲೇಬೇಕಾಗುತ್ತೆ.

ಸಂಸ್ಥೆಯ ಹೆಸರು, ವಿಳಾಸ ಹಾಕ್ತಿಲ್ಲ. ಇರೋ ಮಕ್ಕಳಿಗೇ ಜಾಗ ಸಾಲದು, ಪ್ರಚಾರ ಬೇಡ ಅಂತ ನಡೆಸೋರೇ ಹೇಳಿದ್ದಾರೆ. ನಿಮ್ಮ ಮಗುವಿನ ಸ್ಪೆಷಲ್ ಎಜುಕೇಟರ್ ಅನ್ನು ಕೇಳಿ, ಮೈಸೂರಲ್ಲಿ ಇರೋ ಅವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಕುವೆಂಪುನಗರ ಕಾಂಪ್ಲೆಕ್ಸ್‌ನಿಂದ ನಡೆದು ಹೋಗೋವಷ್ಟು ದೂರದಲ್ಲಿ ಒಂದು ಮನೆಯ ಕೆಳಭಾಗ. ಶಾಲೆಯಿಂದ ನಿವೃತ್ತರಾದ ಒಬ್ಬ ಮೇಡಂ, ಎಂಎಸ್‌ಡಬ್ಲ್ಯು ಓದಿದ ಒಬ್ಬ ಹುಡುಗ, ಇಬ್ಬರೇ ನಡೆಸೋದು. ಹುಡುಗನನ್ನ ಮಕ್ಕಳೆಲ್ಲ ‘ಅಣ್ಣ’ ಅಂತಾರೆ. ಕೈಜೋಡಿಸೋಕೆ ಡಿಗ್ರಿ ಕಾಲೇಜಿನ ಎನ್‌ಎಸ್‌ಎಸ್ ಹುಡುಗರು ಬರ್ತಾರೆ. ಶನಿವಾರ ಮಧ್ಯಾಹ್ನ ಎರಡರಿಂದ ಐದು. ಆರನೇ ಕ್ಲಾಸಿನಿಂದ ಮೊದಲ ಪಿಯುಸಿವರೆಗಿನ ಹನ್ನೆರಡು ಮಕ್ಕಳು. ಕೆಲವರಿಗೆ ಓದೋದು ಕಷ್ಟ, ಕೆಲವರಿಗೆ ಲೆಕ್ಕ ಕಷ್ಟ, ಒಬ್ಬಿಬ್ಬರಿಗೆ ಕೂತಲ್ಲಿ ಕೂರೋದೇ ಕಷ್ಟ.

ಮಾಡೋದೇನು ಅಂದರೆ, ಊರಿಗೆ ಬೇಕಾದ ಒಂದು ಕೆಲಸ ಹುಡುಕಿ, ಅದನ್ನ ಮಾಡ್ತಾ ಮಾಡ್ತಾ ಕಲಿಯೋದು. ಸರ್ವೀಸ್ ಲರ್ನಿಂಗ್ ಅನ್ನೋ ಹೆಸರು ಅಮೆರಿಕದ್ದು, 1967ರಲ್ಲಿ ರಾಬರ್ಟ್ ಸಿಗ್ಮನ್, ವಿಲಿಯಂ ರಾಮ್ಸೆ ಅನ್ನೋರು ಬಳಕೆಗೆ ತಂದದ್ದು ಅಂತ ಮೇಡಂ ಮೊದಲ ಪೋಷಕರ ಸಭೆಯಲ್ಲೇ ಹೇಳಿದರು. ಕೈಕೆಲಸದಿಂದ ಕಲಿಕೆ ಅಂತ ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ನಯೀ ತಾಲೀಮ್ ಶುರು ಮಾಡಿದ್ದನ್ನೂ ಹೇಳಿದರು. ನನಗೆ ನೆನಪಾದದ್ದು ಮಾತ್ರ ನಮ್ಮ ಕಾಲದ ಎಸ್‌ಯುಪಿಡಬ್ಲ್ಯು ಪೀರಿಯಡ್ಡು. ಹೆಸರಿಗೆ ಸಮಾಜಕ್ಕೆ ಉಪಯುಕ್ತ ಉತ್ಪಾದಕ ಕೆಲಸ, ನಾವು ಮಾಡ್ತಿದ್ದದ್ದು ಸ್ಟಾಫ್ ರೂಮ್ ಗುಡಿಸೋದು.

ಈಗಿನ ಶಾಲೆಗಳಲ್ಲೂ ಇದು ಇಲ್ಲ ಅಂತಲ್ಲ. ಸಿಬಿಎಸ್‌ಇ 2018ರಿಂದ ಒಂಬತ್ತರಿಂದ ಹನ್ನೆರಡನೇ ಕ್ಲಾಸಿಗೆ ‘ಸೇವಾ’ ಅನ್ನೋ ಕಾರ್ಯಕ್ರಮ ಇಟ್ಟಿದೆ. ಯೋಚನೆ ಒಳ್ಳೇದೇ. ಮಗಳ ಶಾಲೆಗೆ ಬರೋ ಹೊತ್ತಿಗೆ ಅದು ಒಂದು ಫೈಲ್ ಆಗಿಬಿಟ್ಟಿದೆ. ಗಿಡ ನೆಟ್ಟ ಫೋಟೋ, ಕೆಳಗೆ ಎರಡು ಪುಟ ವರದಿ, ಬಣ್ಣದ ಬಾರ್ಡರ್ರು. ಬರೆಯೋಕೇ ಕಷ್ಟಪಡೋ ಮಗುವಿಗೆ ಸೇವೆಯ ಹೆಸರಲ್ಲಿ ಇನ್ನೊಂದು ಬರೆಯೋ ಕೆಲಸ. ಆ ಫೈಲ್ ಪೂರಾ ನಮ್ಮನೆಯವಳ ಕೈಬರಹ, ಮಗಳದ್ದು ಅಂತ ಇರೋದು ರಕ್ಷಾಪುಟದ ಮೇಲಿನ ಹೆಸರು ಮಾತ್ರ.

ಇಲ್ಲಿನ ಕೆಲಸ ಹೇಗೆ ನಡೆಯುತ್ತೆ ಅನ್ನೋಕೆ ಬೋಗಾದಿ ಕಡೆಯ ಒಂದು ವೃದ್ಧಾಶ್ರಮದ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಪ್ರಕಾರ ಇವರ ಅತ್ಯುತ್ತಮ ಕೆಲಸ ಅದೇ.

ಶುರುವಿನ ವಾರಗಳಲ್ಲಿ ಮಕ್ಕಳು ಅಲ್ಲಿ ಏನೂ ಮಾಡಲಿಲ್ಲ. ಕೂತು ಮಾತಾಡಿ ಬಂದರು, ಅಷ್ಟೇ. ಇದಕ್ಕಾ ನಾನು ದುಡ್ಡು ಕೊಡ್ತಿರೋದು ಅಂತ ನನಗೂ ಅನ್ನಿಸಿತು. ಹೋಗೋ ಮುಂಚೆ ಮಕ್ಕಳ ತಲೆಯಲ್ಲಿ ಇದ್ದದ್ದು ಹಾಡು ಹೇಳೋದು, ಹಣ್ಣು ಹಂಚೋದು. ಅಲ್ಲಿನ ಅಜ್ಜ ಅಜ್ಜಿಯರಿಗೆ ಹಣ್ಣು ತಿಂದು ಸಾಕಾಗಿತ್ತು. ಹುಟ್ಟುಹಬ್ಬ ಆಚರಿಸೋಕೆ ಬರೋರೆಲ್ಲ ಬಾಳೆಹಣ್ಣೇ ತರ್ತಾರಂತೆ. ನಿಮಗೆ ಏನು ತೊಂದರೆ ಅಂತ ಕೇಳ್ತಾ ಹೋದಾಗ ಮತ್ತೆ ಮತ್ತೆ ಬಂದದ್ದು ಮಾತ್ರೆಯ ವಿಷಯ. ಬೆಳಿಗ್ಗೆ ಯಾವುದು, ರಾತ್ರಿ ಯಾವುದು ತಿಳಿಯೋದಿಲ್ಲ, ಹಾಳೆ ಮೇಲಿನ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತೆ, ಅದೂ ಇಂಗ್ಲಿಷು. ನರ್ಸು ಒಬ್ಬರೇ, ಸಂಜೆ ಹೊರಟುಬಿಡ್ತಾರೆ.

ಅಕ್ಷರ ಕಣ್ಣಿಗೆ ಒಗ್ಗದೆ ಇರೋದು ಅಂದರೆ ಏನು ಅಂತ ಈ ಹನ್ನೆರಡು ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾವ ಮಾತ್ರೆ ಯಾವಾಗ ಅಂತ ತೋರಿಸೋ ಗೋಡೆ ಚಾರ್ಟ್ ಮಾಡೋದು ಅಂತಾಯ್ತು. ಎನ್‌ಎಸ್‌ಎಸ್ ಹುಡುಗಿ ಒಬ್ಬಳು ಕನ್ನಡದಲ್ಲಿ ದೊಡ್ಡದಾಗಿ ‘ಸೂರ್ಯೋದಯ, ಮಧ್ಯಾಹ್ನ, ರಾತ್ರಿ’ ಅಂತ ಬರೆದು ಅಂಟಿಸೋಣ ಅಂದಳಂತೆ. ನನ್ನ ಮಗಳು ಬೇಡವೇ ಬೇಡ ಅಂದಳು. ಅರ್ಕಾವತ್ತು ಅವಳ ಹಳೇ ಶತ್ರು. ಉಚ್ಚಾರಣೆಯಲ್ಲಿ ಮುಂಚೆ ಬರೋ ‘ರ್’ ಬರವಣಿಗೆಯಲ್ಲಿ ಆಮೇಲೆ ಬರುತ್ತಲ್ಲ, ಅಲ್ಲಿ ಅವಳು ಪ್ರತಿ ಸಲ ಎಡವೋದು. ಒತ್ತಕ್ಷರ ಬಂದರೆ ಇಡೀ ಪದವನ್ನೇ ಹಾರಿಸಿ ಓದ್ತಾಳೆ. ಅವಳು ಬರೆದದ್ದು ಚಿತ್ರ: ಬೆಟ್ಟದ ಸಂದಿಯಿಂದ ಮೇಲೆ ಬರೋ ಸೂರ್ಯ, ನೆತ್ತಿ ಮೇಲಿನ ಸೂರ್ಯ, ಚಂದ್ರ. ಊಟದ ಮುಂಚೆ ಅನ್ನೋದಕ್ಕೆ ಖಾಲಿ ತಟ್ಟೆ, ಆಮೇಲೆ ಅನ್ನೋದಕ್ಕೆ ಅರ್ಧ ಮುದ್ದೆ ಇರೋ ತಟ್ಟೆ. ಕಣ್ಣು ಪೂರ್ತಿ ಮಂಜಾಗಿದ್ದ ಒಬ್ಬ ಅಜ್ಜಿಯ ರಾತ್ರಿ ಡಬ್ಬಿಯ ಮುಚ್ಚಳಕ್ಕೆ ಎಮರಿ ಪೇಪರ್ ಅಂಟಿಸಿದರು, ಮುಟ್ಟಿದರೆ ಗೊತ್ತಾಗಲಿ ಅಂತ. ಎಮರಿ ಪೇಪರ್ ನಮ್ಮ ಅಂಗಡಿಯದು. ಮಗಳು ಮೊದಲು ಒರಟು ನಂಬರ್ ತಗೊಂಡು ಹೋಗಿದ್ದಳು, ಅಜ್ಜಿಯ ಬೆರಳಿಗೆ ತರಚುತ್ತೆ ಅಂತ ಮಾರನೇ ವಾರ 120 ನಂಬರಿನದ್ದು ಕೇಳಿ ಒಯ್ದಳು.

ಇದೆಲ್ಲ ಓದಿ ಗಾಬರಿ ಆಗಬೇಡಿ, ಮಾತ್ರೆಯನ್ನ ಮಕ್ಕಳು ಮುಟ್ಟಿಲ್ಲ. ಪ್ರತಿ ಚಾರ್ಟ್ ಅನ್ನೂ ನರ್ಸು ವೈದ್ಯರ ಚೀಟಿಗೆ ಹೋಲಿಸಿ ನೋಡಿ, ಸಹಿ ಹಾಕಿದ ಮೇಲೇ ಗೋಡೆಗೆ. ಮೇಡಂ ಈ ವಿಷಯದಲ್ಲಿ ಬಲು ಬಿಗಿ.

ಚಾರ್ಟ್‌ಗಳು ತಿಂಗಳು ಬಾಳಲಿಲ್ಲ. ಡಾಕ್ಟರು ಇಬ್ಬರ ಬಿಪಿ ಮಾತ್ರೆ ಬದಲಿಸಿದರು, ಮಕ್ಕಳ ಚಾರ್ಟ್ ಫೆವಿಕಾಲ್ ಹಾಕಿ ಅಂಟಿಸಿದ್ದು. ತಪ್ಪು ತೋರಿಸೋ ಚಾರ್ಟ್‌ಗಿಂತ ಚಾರ್ಟ್ ಇಲ್ಲದಿರೋದೇ ವಾಸಿ ಅಂತ ನರ್ಸು ಅವನ್ನ ಕಿತ್ತು ಮಡಚಿ ಇಟ್ಟಿದ್ದರು. ಬೇರೆ ಕಡೆ ಆಗಿದ್ದರೆ ಮಕ್ಕಳಿಗೆ ಬೇಜಾರಾಗುತ್ತೆ ಅಂತ ಮುಚ್ಚಿಡ್ತಿದ್ದರೇನೋ. ಅಣ್ಣ ಆ ಮಡಚಿದ ಚಾರ್ಟ್‌ಗಳನ್ನೇ ತಂದು ಮೇಜಿನ ಮೇಲೆ ಹರಡಿ, ಈಗ ಏನು ಮಾಡೋಣ ಅಂತ ಕೇಳಿದನಂತೆ. ಎರಡನೇ ಸಲದ್ದು ವೆಲ್ಕ್ರೋ ಪಟ್ಟಿ ಹಾಕಿದ್ದು, ಚಿತ್ರ ಕಿತ್ತು ಬೇರೆ ಜಾಗಕ್ಕೆ ಅಂಟಿಸಬಹುದು. ಟೈಲರಿಂಗ್ ಸಾಮಾನಿನ ಅಂಗಡಿಗೆ ಹೋಗಿ ಮಕ್ಕಳೇ ಕೊಂಡು ತಂದದ್ದು. ಅದು ಇವತ್ತಿಗೂ ಗೋಡೆ ಮೇಲಿದೆ.

ನಡುವೆ ಜ್ವರ ಬಂದು ಮಗಳು ಒಂದು ಶನಿವಾರ ಹೋಗಿರಲಿಲ್ಲ. ಮುಂದಿನ ವಾರ ಬಂದವಳೇ ಚಪ್ಪಲಿ ಬಿಚ್ಚೋ ಮುಂಚೆ ಹೇಳಿದ್ದು: “ಅಪ್ಪ, ಅಜ್ಜಿ ಕಾಯ್ತಿತ್ತಂತೆ. ಯಾಕ್ ಮಗಾ ಬರ್ಲಿಲ್ಲ ಅಂತ ಕೇಳ್ತು.”

ನನ್ನ ದುಡ್ಡು ಅಲ್ಲಿಗೆ ವಸೂಲಾಯಿತು. ಎರಡನೇ ಕ್ಲಾಸಿನಿಂದ ಈ ಹುಡುಗಿ ಬೇರೆಯವರ ಸಹಾಯದಲ್ಲೇ ಬೆಳೆದವಳು. ಪಕ್ಕದ ಬೆಂಚಿನವಳ ನೋಟ್ಸು, ಟೀಚರ್ ದಯೆ, ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನ ಬರೆದುಕೊಡೋ ಸ್ಕ್ರೈಬ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯನ್ನೂ ಸೇರಿಸಿದೆ. ಹಳೇ 1995ರ ಕಾಯ್ದೆಯಲ್ಲಿ ಅದು ಇರಲೇ ಇಲ್ಲ. ಸಿಬಿಎಸ್‌ಇ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡುತ್ತೆ. ಇದೆಲ್ಲ ಹಕ್ಕು, ಭಿಕ್ಷೆ ಅಲ್ಲ, ಬಿಡಲೂಬಾರದು. ಸರ್ಟಿಫಿಕೇಟ್‌ಗೆ ನಾನೇ ಓಡಾಡಿದ್ದೀನಿ. ಆದರೆ ಇದರಲ್ಲೆಲ್ಲ ಸಹಾಯ ಒಂದೇ ದಿಕ್ಕಿಗೆ ಹರಿಯೋದು, ಅವಳ ಕಡೆಗೆ. ಅವಳು ಬರಲಿಲ್ಲ ಅಂದರೆ ಇನ್ನೊಬ್ಬರ ಕೆಲಸ ನಿಂತುಹೋಗುತ್ತೆ ಅನ್ನೋ ಪರಿಸ್ಥಿತಿ ಶಾಲೆಯಲ್ಲಿ ಒಂದು ದಿನಕ್ಕೂ ಬಂದಿರಲಿಲ್ಲ.

ಅಡ್ಡ ಲಾಭ ಒಂದಿದೆ, ಅದು ನನಗೆ ಸಿಕ್ಕಿದ್ದು. ದಸರಾ ರಜೆಯಲ್ಲಿ ಅಂಗಡಿಯ ಸ್ಕ್ರೂ ಡಬ್ಬಿಗಳಿಗೆಲ್ಲ ಬಣ್ಣದ ಸ್ಟಿಕರ್ ಹಾಕಿದಳು. ಮುಕ್ಕಾಲು ಇಂಚಿಗೆ ಹಳದಿ, ಒಂದು ಇಂಚಿಗೆ ಹಸಿರು, ಒಂದೂವರೆಗೆ ಕೆಂಪು, ಡಬ್ಬಿ ಮೇಲೆ ಒಂದು ಸ್ಕ್ರೂನೇ ಟೇಪ್ ಹಾಕಿ ಅಂಟಿಸಿದ್ದಾಳೆ. ನಮ್ಮ ಅಂಗಡಿ ಹುಡುಗ ಈಗ ನನ್ನನ್ನ ಕೂಗಿ ಕೇಳೋದೇ ಇಲ್ಲ.

ಮಾಡಿದ ಕೆಲಸದ ಬಗ್ಗೆ ಯೋಚಿಸೋಕೆ ಪ್ರತಿ ಸಲ ಕೊನೆಯ ಅರ್ಧ ಗಂಟೆ ಇಟ್ಟಿದ್ದಾರೆ. ಏನು ಮಾಡಿದೆವು, ಅದರಿಂದ ಯಾರಿಗೆ ಏನಾಯಿತು, ಇನ್ನು ಮುಂದೆ ಏನು, ಈ ಮೂರೇ ಪ್ರಶ್ನೆ. ಬರೆಯೋದು ಕಡ್ಡಾಯ ಇಲ್ಲ. ಫೋನಿಗೆ ಮಾತಾಡಬಹುದು, ಚಿತ್ರ ಬರೆಯಬಹುದು, ಮಣ್ಣಲ್ಲಿ ಮಾಡಿ ತೋರಿಸಬಹುದು. ಒಬ್ಬ ಹುಡುಗ ಅಂಗಳದಲ್ಲಿ ಸುತ್ತು ಹಾಕ್ತಾ ಮಾತಾಡ್ತಾನೆ, ಕೂತ್ಕೋ ಅಂತ ಯಾರೂ ಅನ್ನಲ್ಲ. ಶಾಲೆಯ ಫೈಲಿಗೂ ಇದಕ್ಕೂ ಇರೋ ವ್ಯತ್ಯಾಸ ಇಲ್ಲೇ.

ಲೆಕ್ಕ ಬಾರದ ಇನ್ನೊಬ್ಬ ಹುಡುಗನಿಗೆ ಬೇಕಂತಲೇ ದುಡ್ಡಿನ ಜವಾಬ್ದಾರಿ ಕೊಟ್ಟಿದ್ದೂ ನನಗೆ ಹಿಡಿಸಿತು. ಕೈತೋಟಕ್ಕೆ ಬೇಕಾದ ಸಾಮಾನು ತರೋಕೆ ದೇವರಾಜ ಮಾರ್ಕೆಟ್ ಸುತ್ತಮುತ್ತ ಓಡಾಡಬೇಕಿತ್ತು. ಮಾರ್ಕೆಟ್ ಒಳಗಿನ ಜನಜಂಗುಳಿ ದೊಡ್ಡವರಿಗೇ ತಲೆ ಕೆಡಿಸುತ್ತೆ. ಅಣ್ಣ ಒಂದೊಂದು ಸಾಮಾನಿಗೆ ಒಂದೊಂದು ಲಕೋಟೆ ಮಾಡಿ, ಮೇಲೆ ಚಿತ್ರ ಅಂಟಿಸಿ, ಒಳಗೆ ಅಷ್ಟಕ್ಕೆ ಬೇಕಾಗೋ ನೋಟು ಇಟ್ಟು ಕೊಟ್ಟಿದ್ದ. ಚಿಲ್ಲರೆ ವಾಪಸ್ ಅದೇ ಲಕೋಟೆಗೆ. ಹುಡುಗ ಚೌಕಾಸಿಯನ್ನೂ ಮಾಡಿದ, ಕೊತ್ತಂಬರಿ ಬೀಜದ ಲಕೋಟೆಯಲ್ಲಿ ಹತ್ತು ರೂಪಾಯಿ ಉಳಿಸಿ ತಂದ. ಕೂಡೋದು ಕಳೆಯೋದು ಅವನಿಗೆ ಇವತ್ತಿಗೂ ಬರಲ್ಲ ಅಂತ ಅವರ ತಾಯಿ ಹೇಳ್ತಾರೆ. ಅಂಗಡಿಗೆ ಒಬ್ಬನೇ ಹೋಗಿ ಬರ್ತಾನೆ ಅಂತಾನೂ ಅವರೇ ಹೇಳ್ತಾರೆ.

ಇನ್ನು ಬೈಯೋ ಭಾಗ.

ಆ ಕೈತೋಟ. ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಹಿತ್ತಲಲ್ಲಿ, ಬಿಸಿಯೂಟಕ್ಕೆ ಸೊಪ್ಪು ತರಕಾರಿ ಆಗಲಿ ಅಂತ ಶುರು ಮಾಡಿದರು. ಪಾತಿ ಅಳತೆ ಮಾಡಿದ್ದು, ಬೀಜ ಹಾಕಿದ್ದು, ದಂಟು ಕಿತ್ತು ಅಡುಗೆಯವರ ಕೈಗೆ ಕೊಟ್ಟಿದ್ದು ಎಲ್ಲ ಚೆನ್ನಾಗೇ ನಡೀತು. ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ. ಇವರ ತರಗತಿಗೂ ರಜೆ. ನೀರು ಹಾಕೋರು ಯಾರು ಅಂತ ಯಾರೂ ಮುಂಚೆ ಯೋಚಿಸಿರಲಿಲ್ಲ. ಬದನೆ, ಟೊಮೆಟೊ ಎಲ್ಲ ಒಣಗಿ ಕಡ್ಡಿ. ಮೈಸೂರಲ್ಲಿ ಬೇಸಿಗೆ ಯಾವಾಗ ಬರುತ್ತೆ ಅನ್ನೋದು ಗುಟ್ಟಿನ ವಿಷಯವೇನಲ್ಲ. ಜೂನ್‌ನಲ್ಲಿ ಶುರು ಮಾಡಿ ಮಾರ್ಚ್‌ಗೆ ಮುಗಿಸಬೇಕಿತ್ತು, ಇಲ್ಲಾ ಪಕ್ಕದ ಮನೆಯವರ ಹತ್ತಿರ ಮಾತಾಡಿಕೊಳ್ಳಬೇಕಿತ್ತು. ನಮ್ಮ ಮಕ್ಕಳು ಕಲಿತರು ಅಂತ ಆ ಶಾಲೆಯ ಮಕ್ಕಳ ಮುಂದೆ ಒಣಗಿದ ಪಾತಿ ಬಿಟ್ಟು ಬರೋದು ಯಾವ ಸೇವೆ? ಇನ್ನೂ ಒಂದು: ಆರನೇ ಕ್ಲಾಸಿನ ಮಕ್ಕಳ ಕೈಗೆ ದೊಡ್ಡವರ ಗುದ್ದಲಿ ಕೊಟ್ಟಿದ್ದರು. ಕೈತೋಟದ ಸಣ್ಣ ಗುದ್ದಲಿ ಬೇರೆ ಬರುತ್ತೆ, ಬೆಲೆಯೂ ಕಡಿಮೆ. ನೀರೆರೆಯೋ ಕ್ಯಾನು ತಂದದ್ದಂತೂ ತೆಳು ಪ್ಲಾಸ್ಟಿಕ್ಕು, ಎರಡೇ ವಾರಕ್ಕೆ ಹಿಡಿ ಮುರೀತು. ಒಂದು ಮಾತು ನನ್ನ ಕೇಳಿದ್ದರೆ ಆಗ್ತಿತ್ತು.

ಎರಡನೇದು ಚಾಮುಂಡಿ ಬೆಟ್ಟ. ಒಂದು ಕಂಪನಿಯವರು ದುಡ್ಡು ಕೊಟ್ಟರು ಅಂತ ಮೆಟ್ಟಿಲ ದಾರಿಯಲ್ಲಿ ಪ್ಲಾಸ್ಟಿಕ್ ಹೆಕ್ಕೋ ಕಾರ್ಯಕ್ರಮ ಇಟ್ಟರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ದೊಡ್ಡ ಬ್ಯಾನರು, ನಂದಿ ಹತ್ತಿರ ಗ್ರೂಪ್ ಫೋಟೋ. ಹೆಕ್ಕಿದ ಕಸ ಎಲ್ಲಿಗೆ ಹೋಗುತ್ತೆ ಅಂತ ಮಗಳನ್ನ ಕೇಳಿದರೆ ಗೊತ್ತಿಲ್ಲ ಅಂದಳು. ಸ್ವಚ್ಛ ಸರ್ವೇಕ್ಷಣೆಯಲ್ಲಿ 2016ರಲ್ಲಿ ದೇಶಕ್ಕೇ ಮೊದಲು ಬಂದ ಊರು ಇದು. ಕುಂಬಾರಕೊಪ್ಪಲಿನಲ್ಲಿ ಕಸ ಬೇರೆ ಮಾಡಿ ಗೊಬ್ಬರ ಮಾಡೋ ಘಟಕ ಇದೆ. ಅಲ್ಲಿಗೆ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ ತೋರಿಸಿದ್ದರೆ, ಹಸಿ ಕಸ ಒಣ ಕಸ ಯಾಕೆ ಬೇರೆ ಹಾಕಬೇಕು ಅಂತ ಕಣ್ಣಾರೆ ನೋಡ್ತಿದ್ದರು. ವೃದ್ಧಾಶ್ರಮದಲ್ಲಿ ಅಷ್ಟು ತಾಳ್ಮೆಯಿಂದ ಮಾಡಿದವರೇ ಇಲ್ಲಿ ಹೀಗೆ ಮಾಡಿದರಲ್ಲ ಅಂತ ಬೇಸರ.

ಅದೇ ಕಂಪನಿಯ ಕಾಟಕ್ಕೆ ಇನ್ನೊಂದು ಎಡವಟ್ಟು. ದುಡ್ಡು ಕೊಟ್ಟವರಿಗೆ ಕಳಿಸಬೇಕು, ಪ್ರತಿ ಮಗುವೂ ತನ್ನ ಅನುಭವ ಎರಡು ಪುಟ ಬರೆದುಕೊಡಲಿ ಅಂದರು. ಇಂಗ್ಲಿಷಲ್ಲಿ, ಅದೂ ಕೈಬರಹದಲ್ಲೇ! ನಾನು ಸಭೆಯಲ್ಲಿ ಎದ್ದು ನಿಂತು, ಮೇಡಂ, ಇದು ಕುಂಟನ ಓಟಕ್ಕೆ ಪ್ರೈಜ್ ಇಟ್ಟ ಹಾಗಾಯ್ತು ಅಂದೆ, ಸ್ವಲ್ಪ ಜೋರಾಗೇ ಅಂದೆ. ನಮ್ಮನೆಯವಳು ಶರ್ಟು ಎಳೆದು ಕೂರಿಸಿದಳು. ಮೇಡಂ ಅದನ್ನ ವಾಪಸ್ ತಗೊಂಡರು, ಫೋನಲ್ಲಿ ಮಾತಾಡಿದ್ದನ್ನೇ ಕಳಿಸೋದು ಅಂತಾಯ್ತು. ಹೇಳಿದರೆ ಕೇಳ್ತಾರೆ, ಅದು ಅವರ ದೊಡ್ಡ ಗುಣ. ಹೇಳೋ ತನಕ ಹೊಳೆಯಲ್ಲ, ಅದು ಕಷ್ಟ.

ಎನ್‌ಎಸ್‌ಎಸ್ ಹುಡುಗರ ಬಗ್ಗೆ ಎರಡು ಮಾತು. ಒಳ್ಳೇ ಮಕ್ಕಳು, ಬೈಯೋ ಹಾಗಿಲ್ಲ. ಆದರೆ ಸೆಮಿಸ್ಟರ್ ಮುಗಿದರೆ ಮಾಯ. ಇಂಥ ಮಕ್ಕಳಿಗೆ ಒಬ್ಬರು ಒಗ್ಗೋಕೇ ತಿಂಗಳುಗಳು ಬೇಕು. ಒಗ್ಗಿದರು ಅನ್ನೋವಷ್ಟರಲ್ಲಿ ಹೊಸ ಅಕ್ಕ, ಹೊಸ ಅಣ್ಣ. ಬಂದ ಹೊಸಬರು “ನಿಂಗೇನು ಪ್ರಾಬ್ಲಮ್ಮು?” ಅಂತ ಕೇಳೋದೂ ಉಂಟು. ಒಬ್ಬರಾದರೂ ವರ್ಷ ಪೂರ್ತಿ ಇರೋ ಹಾಗೆ ನೋಡಿಕೊಳ್ಳಬೇಕು, ಬೇಕಾದರೆ ಅದಕ್ಕೆ ಫೀಸು ಇನ್ನೂರು ಹೆಚ್ಚು ಮಾಡಲಿ.

ಯಾರಿಗೆ ಸರಿ, ಯಾರಿಗೆ ಬೇಡ? ಮಗುವಿಗೆ ಏನು ತೊಂದರೆ ಅಂತಲೇ ಇನ್ನೂ ಗೊತ್ತಿಲ್ಲದಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಮ್ಮೂರಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ‘ಸ್ಲೋ ಲರ್ನರ್’ ಅಂತ ಶಾಲೆಯವರು ಅಂದದ್ದನ್ನೇ ನಂಬಿ ಸುಮ್ಮನಿರಬೇಡಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಪೂರಾ ಹೋಗುತ್ತೆ, ಅದನ್ನ ಯೋಚಿಸಿ. ಗದ್ದಲ ಕಂಡರೆ ಕಿವಿ ಮುಚ್ಚಿಕೊಳ್ಳೋ ಮಗುವಾದರೆ ಮಾರ್ಕೆಟ್‌ಗೆ ಹೋಗೋ ವಾರ ಯಾವುದು ಅಂತ ಮುಂಚೆನೇ ಕೇಳಿಟ್ಟುಕೊಳ್ಳಿ. ಆ ದಿನ ಬೇರೆ ಕೆಲಸ ಕೊಡ್ತಾರೆ. ಬಡ ಮಕ್ಕಳಿಗೆ ಫೀಸಿನಲ್ಲಿ ಅರ್ಧ ಬಿಡ್ತಾರೆ, ಬಾಯಿಬಿಟ್ಟು ಕೇಳಬೇಕು ಅಷ್ಟೇ. ಸಾಮಾನಿನ ಖರ್ಚು ಫೀಸಿಗೆ ಸೇರಿಲ್ಲ, ತಿಂಗಳಿಗೆ ನೂರು ನೂರೈವತ್ತು ಆಗುತ್ತೆ. ಹೊರಗಡೆ ಕೆಲಸ ಇರೋ ದಿನ ಟೆಂಪೋ ಟ್ರಾವೆಲರ್ ಮಾಡ್ತಾರೆ, ಬಾಡಿಗೆ ಹಂಚಿಕೆ. ಕಾಯೋ ತಂದೆ ತಾಯಿಗೆ ಕೂರೋಕೆ ಜಾಗ ಇಲ್ಲ, ಬೀದಿ ಇಕ್ಕಟ್ಟು, ಕಾರು ತರಬೇಡಿ.

ಈ ಸಲದ ಬ್ಯಾಚು ಜೂನ್ ಮೊದಲ ಶನಿವಾರ. ಏಳು ಜಾಗ ಹಳೇ ಮಕ್ಕಳಿಗೇ ಹೋಗಿದೆ, ಉಳಿದದ್ದು ಐದು. ಮತ್ತೆ ಕೈತೋಟ ಮಾಡ್ತಾರಂತೆ. ರಜೆಯಲ್ಲಿ ನೀರಿನ ವ್ಯವಸ್ಥೆ ಏನು ಅಂತ ಪೋಷಕರ ಸಭೆಯಲ್ಲಿ ನೀವೂ ಕೇಳಿ, ನಾನೊಬ್ಬನೇ ಕೇಳಿದರೆ ಜಗಳಗಂಟ ಅಂದ್ಕೋತಾರೆ. ಡ್ರಿಪ್ ಪೈಪು ಅಸಲು ಬೆಲೆಗೆ ಕೊಡ್ತೀನಿ ಅಂತ ಹೇಳಿದ್ದೀನಿ, ಇನ್ನೂ ಅಳತೆ ಕಳಿಸಿಲ್ಲ.